ಇವತ್ತಿನ ಚಹಾ ನಾವು ಮಾಡೋಣ

ಮನುಷ್ಯನ ದನಿಯನ್ನು ಅವನ ಗಂಟಲಿನಿಂದ ತೆಗೆದು ಬೇರೊಂದು ಕಡೆ ಜೋಪಾನವಾಗಿ ಇಡುವಂತಾದರೆ ಏನಾದೀತು ಎಂದು ನಮ್ಮ ಗದಗಿನಲ್ಲಿ ಯಾರೂ ಯೋಚಿಸಿದವರಲ್ಲ. ಗಂಟಲು ಬೇನೆ ಬಂದ ಮೇಲೆ ಯೋಚಿಸಬೇಕಾಯಿತು. ಆ ಬೇನೆಗೆ ಜ್ವರವಿರಲಿಲ್ಲ, ನೋವಿರಲಿಲ್ಲ. ಮೊದಲು ದನಿ ಸ್ವಲ್ಪ ಒಡೆಯುತ್ತಿತ್ತು. ಕೆಲವು ತಿಂಗಳು ಕಳೆಯುವುದರೊಳಗೆ ಪೂರ್ತಿ ಹೋಗಿಬಿಡುತ್ತಿತ್ತು. ಮನುಷ್ಯ ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತಿದ್ದ. ದನಿ ಒಡೆಯುವುದಕ್ಕೂ ಹೋಗುವುದಕ್ಕೂ ನಡುವೆ ಸಿಗುತ್ತಿದ್ದ ಆ ಕೆಲವು ತಿಂಗಳಿಗಾಗಿಯೇ ದನಿಮನೆ ಹುಟ್ಟಿಕೊಂಡಿತು.

ದನಿಮನೆ ಇದ್ದದ್ದು ಹಳೆಯದೊಂದು ಮುದ್ರಣಾಲಯದ ಕಟ್ಟಡದಲ್ಲಿ. ಅಚ್ಚಿನ ಮೊಳೆಗಳ ಖಾನೆಗಳು ಇನ್ನೂ ಗೋಡೆಗೆ ಒರಗಿಕೊಂಡಿದ್ದ ಕೋಣೆಯಲ್ಲಿ ಜನ ಬಂದು ಕುಳಿತು, ನಾಲ್ಕಾರು ದಿನ ಸುಮ್ಮನೆ ಮಾತಾಡಿ ಹೋಗುತ್ತಿದ್ದರು. ಮಕ್ಕಳನ್ನು ಬೈಯುವುದು, ಗಿರಾಕಿಯನ್ನು ಕೂಗುವುದು, ಲೆಕ್ಕ ಎಣಿಸುವುದು, ಎಲ್ಲವನ್ನೂ ಯಂತ್ರ ಕೇಳಿಸಿಕೊಂಡು ಆ ದನಿಯ ಅಚ್ಚು ತೆಗೆದಿಟ್ಟುಕೊಳ್ಳುತ್ತಿತ್ತು. ಬಾಯಿ ಪೂರ್ತಿ ಕಟ್ಟಿದ ಮೇಲೆ ಅವರ ಕುತ್ತಿಗೆಗೆ ಒಂದು ತೆಳ್ಳನೆಯ ಪಟ್ಟಿ ಬರುತ್ತಿತ್ತು. ಅವರು ತುಟಿ, ನಾಲಿಗೆ ಆಡಿಸಿದರೆ ಸಾಕು, ಕೊರಳಪಟ್ಟಿ ಅದನ್ನು ತಿಳಿದುಕೊಂಡು ಅವರದೇ ದನಿಯಲ್ಲಿ ಮಾತಾಡುತ್ತಿತ್ತು.

ಪಟ್ಟಿ ಕಳುವಾದರೆ ದನಿಯೂ ಕಳುವಾಗಬಾರದು. ಆದ್ದರಿಂದ ದನಿಯೆಲ್ಲ ದನಿಮನೆಯ ಸರ್ವರಿನಲ್ಲೇ ಇರುತ್ತಿತ್ತು. ದಿನವೂ ಬೆಳಗಿನ ಜಾವ ಪಟ್ಟಿ ಸರ್ವರನ್ನು ಕೇಳಿ ಆ ದಿನದ ಮಟ್ಟಿಗೆ ದನಿ ಪಡೆದುಕೊಳ್ಳಬೇಕು. ಉತ್ತರ ಬರದಿದ್ದರೆ ಕಾರ್ಖಾನೆಯವರು ಹಾಕಿಕೊಟ್ಟ ಸಾಮಾನ್ಯ ದನಿಯಲ್ಲಿ ಮಾತಾಡುತ್ತದೆ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ಎರಡೂ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಹೇಳುವ ದನಿಯ ಹಾಗೆ ಸ್ಪಷ್ಟ, ನಯ. ನಮ್ಮ ಕಡೆಯ ರಾಗದ ಸುಳಿವೂ ಇಲ್ಲ.

ನಾನು ಅಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ಆಮೇಲೆ ಲಿನಕ್ಸ್ ಕಲಿತು, ಕೆಲಸಕ್ಕೆ ಸೇರಿದ ದಿನವೇ ಇನಾಮದಾರ ಸರ್ ಕೈಕೆಳಗೆ ಬಂದೆ. ಅವರು ಕಡಿಮೆ ಮಾತಿನ ಮನುಷ್ಯ. ಆಡದ ಮಾತನ್ನೆಲ್ಲ ಯಂತ್ರದ ಮೂಲಕ ಆಡುತ್ತಿದ್ದರು. ಸರ್ವರಿನ ಪರದೆಯ ಮೇಲೆ ಹೆಸರು, ಪಾಸ್‌ವರ್ಡ್ ಕೇಳುವ ಮುಂಚೆ ಒಂದು ಸಾಲು ಬರುವಂತೆ ಸಣ್ಣ ಪ್ರೋಗ್ರಾಂ ಬರೆದಿದ್ದರು. ಆ ದಿನ ಸಿಬ್ಬಂದಿಯಲ್ಲಿ ಯಾರದಾದರೂ ಹುಟ್ಟುಹಬ್ಬವಿದ್ದರೆ ಅದು ಹೇಳುತ್ತಿತ್ತು. ನನ್ನ ಹುಟ್ಟುಹಬ್ಬಕ್ಕೆ, ಇಂದು ಇಂದುಮತಿಯವರ ಹುಟ್ಟುಹಬ್ಬ, ಅವರು ಬೇಗ ಮನೆಗೆ ಹೊರಟರೆ ಯಾರೂ ಗಡಿಯಾರ ನೋಡಬೇಡಿ, ಎಂದು ಬರುತ್ತಿತ್ತು. ಎದುರಿಗೆ ಬಂದು ಅವರು ಎಂದೂ ಶುಭಾಶಯ ಹೇಳಲಿಲ್ಲ.

ದನಿಗೆ ವಯಸ್ಸಾಗುವಂತೆ ಮಾಡಿದವರೂ ಅವರೇ. ಮೊದಲ ಕೆಲವು ವರ್ಷ ಕಳೆದ ಮೇಲೆ ಜನ ಬಂದು ಹೇಳಿಕೊಳ್ಳತೊಡಗಿದರು: ಮುಖ ಮುದಿಯಾಗುತ್ತಿದೆ, ದನಿ ಮಾತ್ರ ಹಾಗೇ ಇದೆ, ಕತ್ತಲಲ್ಲಿ ಮಾತಾಡಿದರೆ ಮೊಮ್ಮಕ್ಕಳು ಯಾರೋ ಎಂದು ಹೆದರುತ್ತವೆ. ಇನಾಮದಾರ ಸರ್ ಮತ್ತು ಗಂಟಲಿನ ಡಾಕ್ಟರೊಬ್ಬರು ಕೂಡಿ ಒಂದು ಪ್ರೋಗ್ರಾಂ ಮಾಡಿದರು. ಪ್ರತಿ ಯುಗಾದಿಗೆ ಎಲ್ಲ ದನಿಗಳಿಗೂ ಒಂದು ವರ್ಷ ವಯಸ್ಸಾಗುತ್ತಿತ್ತು. ಹಳೆಯ ಅಚ್ಚುಗಳು ಅಳಿಯುತ್ತಿರಲಿಲ್ಲ. ತಮ್ಮ ತಮ್ಮ ತಾರೀಖು ಹೊತ್ತುಕೊಂಡು ಕೆಳಗೆ ಉಳಿದಿರುತ್ತಿದ್ದವು.

ಆಯುಧ ಪೂಜೆಯ ದಿನ ಇನಾಮದಾರ ಸರ್ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಅರಿಷಿಣ ಕುಂಕುಮ ಹೊರಗಿನ ಬಾಗಿಲಿಗೆ, ಹೂವು ಸ್ಟೆಬಿಲೈಜರಿಗೆ, ಕಾಯಿ ಒಡೆಯುವುದು ವರಾಂಡದಲ್ಲಿ. ಯಂತ್ರವನ್ನು ಯಾರೂ ಮುಟ್ಟಬಾರದು. ಉಸಿರಾಟಕ್ಕೆ ಒಂದು ದಿನ ರಜೆ ಕೊಡುತ್ತೀರೇನು ಎಂದು ಕೇಳುತ್ತಿದ್ದರು.

ನಾನು ನಿವೃತ್ತಳಾಗಿ ಬೆಟಗೇರಿಯ ಮನೆಯಲ್ಲಿ ತಂಗಿಯ ಜೊತೆ ಇರತೊಡಗಿ ಬಹಳ ಕಾಲವಾಯಿತು. ಇನಾಮದಾರ ಸರ್ ನಿವೃತ್ತಿಯ ನಂತರವೂ ದಿನಕ್ಕೊಮ್ಮೆ ದನಿಮನೆಗೆ ಹೋಗಿ ಬರುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಹೀಗಾಗಿ ಈ ಸಲದ ಆಯುಧ ಪೂಜೆಗೆ ಬಾಗಿಲಲ್ಲಿ ನಿಲ್ಲುವವರು ಯಾರೂ ಇರಲಿಲ್ಲ.

ಕಟ್ಟಡ ನೋಡಿಕೊಳ್ಳುವ ಈರಪ್ಪ ಬಡಿಗೇರ ಮುದ್ರಣಾಲಯದವರ ಮನೆಯ ಮಗ. ಅವರ ಅಪ್ಪ ಅದೇ ಕಟ್ಟಡದಲ್ಲಿ ಅಚ್ಚಿನ ಯಂತ್ರ ನಡೆಸುತ್ತಿದ್ದವರು. ಅವರಲ್ಲಿ ಆಯುಧ ಪೂಜೆಯ ದಿನ ಯಂತ್ರ ತಿರುಗಿದರೆ ಅದು ಯಂತ್ರಕ್ಕೆ ಮಾಡಿದ ಅವಮಾನ. ಎಷ್ಟೋ ವರ್ಷದಿಂದ ದುಡಿಯುತ್ತಿರುವ ಯಂತ್ರ, ಒಂದು ರಾತ್ರಿಯಾದರೂ ಮಲಗಲಿ ಎಂದು ಅವರು ಭಕ್ತಿಯಿಂದಲೇ ಹೇಳಿದರು. ಪಟ್ಟಿಗಳು ಆ ದಿನದ ದನಿಯನ್ನು ಬೆಳಿಗ್ಗೆಯೇ ಪಡೆದಿದ್ದವು. ಮರುದಿನ ಬೆಳಕು ಹರಿಯುವ ಮುಂಚೆ ಹಚ್ಚಿದರೆ ಯಾರಿಗೂ ತೊಂದರೆಯಿಲ್ಲ ಎಂದು ಎಲ್ಲರೂ ಒಪ್ಪಿದರು. ಸರ್ವರನ್ನು ಕ್ರಮವಾಗಿ ಆರಿಸಿ, ಧೂಳು ಒರೆಸಿ, ಸೇವಂತಿಗೆ ಹೂವು ಏರಿಸಿ, ಕೈಮುಗಿದು ಹೋದರು.

ಮರುದಿನ ಬೆಳಿಗ್ಗೆ ಯಂತ್ರ ಎದ್ದಿತು. ಆದರೆ ಯಾರನ್ನೂ ಒಳಗೆ ಬಿಡಲಿಲ್ಲ.

ಅಂದು ವಿಜಯದಶಮಿ. ಸಂಜೆ ನಮ್ಮ ಓಣಿಯಲ್ಲಿ ಎಂದಿನಂತೆ ಹೊಸ ಬಟ್ಟೆ ಉಟ್ಟುಕೊಂಡು ಜನ ಮನೆ ಮನೆಗೆ ಬನ್ನಿ ಕೊಡಲು ಬಂದರು. ಪಟ್ಟಿ ಕಟ್ಟಿಕೊಂಡವರೆಲ್ಲ, ಬನ್ನಿ ತಗೊಂಡು ಬಂಗಾರದಂತೆ ಇರೋಣ ಎಂದು ಒಂದೇ ದನಿಯಲ್ಲಿ ಹೇಳಿದರು. ಹೂವಿನ ನಿಂಬವ್ವ, ದರ್ಜಿ ಹುಸೇನಸಾಬರ ಹೆಂಡತಿ, ಎದುರು ಮನೆಯ ಸೊಸೆ, ಮೂವರೂ ಒಬ್ಬಳೇ ಹೆಂಗಸಾದರು. ಮೊದಲು ಎಲ್ಲರೂ ನಕ್ಕೆವು. ಆಮೇಲೆ ಬಂದವರು ಬನ್ನಿ ಕೈಗಿಟ್ಟು ಏನೂ ಹೇಳದೆ ನಮಸ್ಕಾರ ಮಾಡಿ ಹೋಗತೊಡಗಿದರು.

ಶರಣಮ್ಮ ಮಾತ್ರ ಬರಲಿಲ್ಲ.

ಶರಣಮ್ಮ ದನಿಮನೆಯಲ್ಲಿ ಚಹಾ ಮಾಡುತ್ತಿದ್ದವಳು. ಬೇನೆ ಬಂದ ಮೊದಲ ವರ್ಷವೇ ಅವಳ ದನಿಯೂ ಒಡೆಯಿತು. ನಾನೇ ಎದುರಿಗೆ ಕುಳಿತು ಅವಳ ದನಿ ತುಂಬಿಸಿಕೊಂಡಿದ್ದೆ. ಈಗ ನಮ್ಮ ಹಿಂದಿನ ಓಣಿಯಲ್ಲೇ ಇದ್ದಾಳೆ. ಅವಳ ಗಂಡ ಗುರುಬಸಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ, ಹಳಿ ಬದಲಿಸುವ ಕೆಲಸ. ಈಗ ಕಣ್ಣು ಕಾಣುವುದಿಲ್ಲ. ನೆನಪೂ ತೆಳುವಾಗಿ ಅಲ್ಲಲ್ಲಿ ಹರಿದುಹೋಗಿದೆ. ಅವನ ಪಾಲಿಗೆ ಉಳಿದಿದ್ದ ಗುರುತು ಎಂದರೆ ಅವಳ ದನಿಯೊಂದೇ. ಆ ದನಿ ಉಣ್ಣು ಎಂದರೆ ಉಣ್ಣುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ.

ಮರುದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಗುರುಬಸಪ್ಪ ಮಂಚದ ಮೇಲೆ ನೆಟ್ಟಗೆ ಕುಳಿತು ಕಿವಿ ನಿಮಿರಿಸಿಕೊಂಡಿದ್ದ. ಶರಣಮ್ಮ ತಟ್ಟೆ ಹಿಡಿದು, ಒಂದು ತುತ್ತು ತಗೊಳ್ಳಿ ಎಂದಳು, ಸ್ಟೇಷನ್ನಿನ ಆ ನಯವಾದ ದನಿಯಲ್ಲಿ.

"ಬಾಯಾರ, ಗಾಡಿ ಯಾವ ಲೈನಿಗೆ ಬರತೈತಿ ಅಷ್ಟ ಹೇಳ್ರಿ," ಎಂದ ಗುರುಬಸಪ್ಪ. "ಡ್ಯೂಟಿ ಮ್ಯಾಲ ಇದ್ದಾಗ ನಾ ಉಣ್ಣೂದಿಲ್ಲ."

ಹಿಂದಿನ ದಿನ ಬೆಳಿಗ್ಗೆಯಿಂದ ಹೀಗೇ ನಡೆದಿತ್ತು. ಅವನಿಗೆ ಸಕ್ಕರೆ ಕಾಯಿಲೆ. ಹೊಟ್ಟೆಗೆ ಬೀಳದೆ ಔಷಧ ಕೊಡುವಂತಿಲ್ಲ, ಔಷಧವಿಲ್ಲದೆ ಬಹಳ ಹೊತ್ತು ಬಿಡುವಂತಿಲ್ಲ. ಇವತ್ತು ಸಂಜೆಯೊಳಗೆ ಉಣ್ಣದಿದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಹಿಂದೊಮ್ಮೆ ಸೇರಿಸಿದಾಗ ಅವನು ಗಾಬರಿಯಾಗಿ ಎದ್ದೆದ್ದು ಓಡುತ್ತಾನೆಂದು ಕೈ ಕಾಲು ಮಂಚಕ್ಕೆ ಕಟ್ಟಿದ್ದರು. ಅದನ್ನು ನೋಡಿದ ಶರಣಮ್ಮ ಇನ್ನೊಮ್ಮೆ ನೋಡಲಾರಳು. ಅವಳು ಆ ದನಿಯಲ್ಲಿ ಮಾತಾಡುವುದನ್ನೇ ಬಿಟ್ಟಳು. ನನ್ನ ಕಡೆ ತಿರುಗಿ ತುಟಿಯನ್ನೂ ಆಡಿಸದೆ ಕೈ ಜೋಡಿಸಿದಳು.

ನಾನು ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ರೇಷ್ಮಾ ನದಾಫ ನಿಂತಿದ್ದಳು. ದನಿಮನೆಯ ಈಗಿನ ಮುಖ್ಯ ಎಂಜಿನಿಯರ್. ಹಿಂದಿನ ದಿನ ಬೆಳಿಗ್ಗೆಯಿಂದ ಮನೆಗೆ ಹೋದ ಹಾಗೆ ಕಾಣಲಿಲ್ಲ. ನನ್ನನ್ನು ಕರೆದುಕೊಂಡು ಹೋಗಲು ಬಂದವಳು, ನನ್ನ ಮಂಡಿನೋವು ನೆನಪಿಟ್ಟುಕೊಂಡು ಎತ್ತರದ ಜೀಪು ಬಿಟ್ಟು ಯಾರದೋ ಸಣ್ಣ ಕಾರು ಕೇಳಿ ತಂದಿದ್ದಳು.

ದಾರಿಯಲ್ಲಿ ಎಲ್ಲ ಹೇಳಿದಳು. ಸರ್ವರ್ ಎದ್ದ ಕೂಡಲೇ ಡೇಟಾಬೇಸಿಗೆ ಲಾಗಿನ್ ಆಗಲು ನೋಡಿದರು, ಪ್ರವೇಶವಿಲ್ಲ ಎಂದಿತು. ಪಾಸ್‌ವರ್ಡ್ ತಪ್ಪಿರಬೇಕೆಂದು ಬದಲಿಸಿ ನೋಡಿದರು, ಅದೇ ಉತ್ತರ. ಹೊಸ ಪ್ರವೇಶ ಕಾರ್ಡು ಮಾಡಿ ಹಾಕಿದರು, ಅದನ್ನೂ ಒಪ್ಪಲಿಲ್ಲ. ಕೊನೆಗೆ ಡೇಟಾಬೇಸ್ ತಂತ್ರಾಂಶವೇ ಕೆಟ್ಟಿದೆಯೆಂದು ತಿಳಿದು ಅದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೋದರು. ಅದೂ ಅರ್ಧಕ್ಕೆ ನಿಂತಿತು. ಪ್ಯಾಕೇಜು ಅಸಲಿ ಎಂದು ಹೇಳುವ ಮುದ್ರೆ ಸರಿಯಿಲ್ಲ ಎಂದಿತು. ಬೇರೆ ಡಿಸ್ಕ್ ತರಿಸಿದರು, ಅದಕ್ಕೂ ಹಾಗೇ ಎಂದಿತು.

ಇನ್‌ಸ್ಟಾಲ್ ಎಂಬ ಮಾತು ಕೇಳಿ ನಾನು ಅವಳನ್ನು ಅಲ್ಲೇ ತಡೆದೆ. ದನಿಗಳೆಲ್ಲ ಇರುವ ಡೇಟಾ ಫೋಲ್ಡರನ್ನು ಮುಟ್ಟಿದಿರಾ ಎಂದು ಕೇಳಿದೆ.

"ಇಲ್ಲ ಮೇಡಂ," ಎಂದಳು ರೇಷ್ಮಾ. "ಏನ ಆದ್ರೂ ಅದನ್ನ ಮುಟ್ಟಬ್ಯಾಡ ಅಂತ ಇನಾಮದಾರ ಸರ್ ನನಗ ಮೊದಲನೇ ದಿನಾನ ಹೇಳಿದ್ರು. ಅವರು ನನಗ ಹೇಳಿದ್ದು ಅದೊಂದ ಮಾತು."

ಸರ್ವರ್ ಕೋಣೆಯಲ್ಲಿ ಸೇವಂತಿಗೆ ಬಾಡಿತ್ತು, ಯಾರಿಗೂ ತೆಗೆಯುವ ಧೈರ್ಯವಿರಲಿಲ್ಲ. ಈರಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ರೇಷ್ಮಾ ಅವರನ್ನು ಒಂದು ಮಾತೂ ಅಂದಿರಲಿಲ್ಲ; ಅಂದಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ನಾನು ಕನ್ನಡಕ ಒರೆಸಿಕೊಂಡು, ಎಷ್ಟೋ ವರ್ಷಗಳ ನಂತರ ಆ ಕುರ್ಚಿಯ ಮೇಲೆ ಕುಳಿತೆ. ಡಿಸ್ಕ್ ತುಂಬಿದೆಯೇ, ಡೇಟಾಬೇಸ್ ಓಡುತ್ತಿದೆಯೇ, ಫೋಲ್ಡರಿನ ಹಕ್ಕು ಯಾರ ಹೆಸರಿನಲ್ಲಿದೆ, ಹೀಗೆ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಒಂದನ್ನೂ ಕೇಳಲಿಲ್ಲ. ಪರದೆಯ ತುದಿಯಲ್ಲಿ ಇನಾಮದಾರ ಸರ್ ಬರೆದ ಸಾಲು ಮಿನುಗುತ್ತಿತ್ತು:

ಇಂದು ಶರಣಮ್ಮನ ಹುಟ್ಟುಹಬ್ಬ. ಇವತ್ತಿನ ಚಹಾ ನಾವು ಮಾಡೋಣ.

ಎಲ್ಲರ ಹುಟ್ಟಿದ ದಿನಾಂಕ ಕೇಳಿ ಬರೆದುಕೊಳ್ಳುತ್ತಿದ್ದಾಗ ಶರಣಮ್ಮ ಬಾಗಿಲಲ್ಲಿ ಕಪ್ಪು ಬಸಿ ಹಿಡಿದು ನಿಂತಿದ್ದದ್ದು ಕಣ್ಣಿಗೆ ಬಂತು. ತನ್ನದು ಗೊತ್ತಿಲ್ಲ, ಕಾರಹುಣ್ಣಿಮೆಯ ಹಿಂದೆ ಮುಂದೆ ಎಂದು ಅವ್ವ ಹೇಳುತ್ತಿದ್ದಳು, ತನ್ನದು ಬೇಡ ಬಿಡಿ ಎಂದಿದ್ದಳು. ಇನಾಮದಾರ ಸರ್ ತಲೆ ಎತ್ತದೆ, ಹಾಗಾದರೆ ಜನವರಿ ಒಂದು ಎಂದು ಬರೆದುಕೊಂಡರು. ಹೊಸ ಕ್ಯಾಲೆಂಡರಿನ ಮೊದಲ ಮನೆ ಖಾಲಿಯೇ ಇದೆ, ಅದು ನಿನಗೆ ಎಂದರು. ಆಮೇಲೆ ಪ್ರತಿ ವರ್ಷ ಆ ದಿನ ನಾವೆಲ್ಲ ಸ್ಟೌ ಮುಂದೆ ಗುಂಪು ಕಟ್ಟಿ ಹಾಲು ಉಕ್ಕಿಸಿ, ಸಕ್ಕರೆ ಹೆಚ್ಚು ಮಾಡಿ, ಕುರ್ಚಿಯ ಮೇಲೆ ಕುಳಿತ ಶರಣಮ್ಮನ ಕೈಗೆ ಚಹಾ ಕೊಡುತ್ತಿದ್ದೆವು. ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿ, ನಾಳೆಯಿಂದ ತಾನೇ ಮಾಡುತ್ತೇನೆ ಎನ್ನುತ್ತಿದ್ದಳು.

ಈ ಸಾಲು ಯಾವಾಗಿನಿಂದ ಬರುತ್ತಿದೆ ಎಂದು ಕೇಳಿದೆ. ನಿನ್ನೆ ಬೆಳಿಗ್ಗೆಯಿಂದ, ಸರ್ವರನ್ನು ಆರಿಸಿ ಹಚ್ಚಿದಾಗಲೆಲ್ಲ; ಇವತ್ತೂ ಈಗಷ್ಟೇ ಹಚ್ಚಿದ್ದೇವೆ ಎಂದಳು ರೇಷ್ಮಾ. ದಿನವೂ ಏನಾದರೊಂದು ಬರುತ್ತಿರುತ್ತದೆಂದು ಯಾರೂ ಓದುವುದಿಲ್ಲವಂತೆ.

"ಇದು ದಸರಾ ರೇಷ್ಮಾ," ಎಂದೆ. "ಶರಣಮ್ಮನ ಹುಟ್ಟುಹಬ್ಬ ಹೊಸ ವರ್ಷದ ದಿನ. ಈ ಯಂತ್ರಕ್ಕ ಇವತ್ತು ಯಾವ ವರ್ಷ ಅಂತ ಕೇಳು."

ಅವಳು ಕೇಳಿದಳು. ಯಂತ್ರ ಹೇಳಿದ್ದು ಅದು ತಯಾರಾದ ವರ್ಷ, ದನಿಮನೆ ತೆರೆದ ಮರುವರ್ಷ, ಜನವರಿ ಒಂದು.

ಕಂಪ್ಯೂಟರಿನೊಳಗೆ ಗುಂಡಿಯಷ್ಟು ಸಣ್ಣ ಬ್ಯಾಟರಿಯೊಂದು ಇರುತ್ತದೆ. ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದು. ನಮ್ಮ ಸರ್ವರ್ ಎಂದೂ ಆರಿರಲಿಲ್ಲವಾದ್ದರಿಂದ ಆ ಬ್ಯಾಟರಿ ಯಾವಾಗ ಸತ್ತಿತ್ತೋ ಯಾರಿಗೂ ತಿಳಿದಿರಲಿಲ್ಲ. ಪೂಜೆಯ ರಾತ್ರಿ ಯಂತ್ರ ಮಲಗಿತು, ಗಡಿಯಾರ ನಿಂತಿತು. ಬೆಳಿಗ್ಗೆ ಎದ್ದಾಗ ಅದಕ್ಕೆ ತಾನು ಹುಟ್ಟಿದ ವರ್ಷವಷ್ಟೇ ನೆನಪಿತ್ತು; ಆರಿಸಿ ಹಚ್ಚಿದಾಗಲೆಲ್ಲ ಮತ್ತೆ ಅದೇ ಜನವರಿ ಒಂದು. ದನಿ ಕದಿಯುವವರ ಭಯಕ್ಕೆ ನಾವು ಅದನ್ನು ಹೊರಗಿನ ಇಂಟರ್‌ನೆಟ್ಟಿಗೆ ಸೇರಿಸಿರಲಿಲ್ಲ, ಆದ್ದರಿಂದ ಸರಿಯಾದ ಹೊತ್ತು ಹೇಳುವವರೂ ಇರಲಿಲ್ಲ. ಮುಂದಿನದೆಲ್ಲ ತಾನಾಗಿ ಆಯಿತು. ಹೊಸ ತಂತ್ರಾಂಶದ ಮುದ್ರೆಯ ಮೇಲಿನ ತಾರೀಖು ಅದರ ಲೆಕ್ಕದಲ್ಲಿ ಇನ್ನೂ ಬಂದಿಲ್ಲ. ರೇಷ್ಮಾಳ ಕಾರ್ಡು ಚಾಲ್ತಿಗೆ ಬರುವ ದಿನ ಎಷ್ಟೋ ಮುಂದಿದೆ. ಬಾರದ ಕಾಲದಿಂದ ಬಂದವರನ್ನು ಅದು ಒಳಗೆ ಬಿಡುವುದಾದರೂ ಹೇಗೆ? ದೋಷ ವರದಿಯ ಪ್ರತಿ ಸಾಲಿನ ಎಡಗಡೆಗೂ ಆ ತಾರೀಖು ಇತ್ತು. ದಿನಪತ್ರಿಕೆಯ ನೆತ್ತಿಯ ಮೇಲಿನ ತಾರೀಖನ್ನು ಯಾರೂ ಓದದ ಹಾಗೆ ಇದನ್ನೂ ಯಾರೂ ಓದಿರಲಿಲ್ಲ.

ರೇಷ್ಮಾ ಆಗಲೇ ಗಡಿಯಾರ ಸರಿಮಾಡಲು ಕೈ ಚಾಚಿದಳು. ನಾನು ತಡೆದೆ. ಗಡಿಯಾರ ಒಮ್ಮೆಲೇ ಮುಂದೆ ಜಿಗಿದರೆ ಯುಗಾದಿಯ ಪ್ರೋಗ್ರಾಂ ನಡುವೆ ಬಿಟ್ಟುಹೋದ ಯುಗಾದಿಗಳನ್ನೆಲ್ಲ ಒಂದೇ ಸಲ ಆಚರಿಸಿಬಿಡುತ್ತಿತ್ತು. ಆಗಲೇ ವಯಸ್ಸಾದ ದನಿಗಳಿಗೆ ಮತ್ತೆ ಅಷ್ಟೇ ವಯಸ್ಸು ಏರಿ ಇಡೀ ಊರು ಹಣ್ಣು ಹಣ್ಣು ಮುದುಕರಂತೆ ಕೆಮ್ಮುತ್ತಿತ್ತು. ಮೊದಲು ಒಳಗೆ ಹೋಗಿ ಆ ಪ್ರೋಗ್ರಾಂ ನಿಲ್ಲಿಸಬೇಕು. ಎಲ್ಲ ದನಿಗಳ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು. ಗಡಿಯಾರ ಆಮೇಲೆ. ಆದರೆ ಒಳಗೆ ಹೋಗುವವರು ಯಾರು?

ನನ್ನ ಪರ್ಸಿನ ಒಳಖಾನೆಯಲ್ಲಿ ನನ್ನ ಹಳೆಯ ಕಾರ್ಡು ಇತ್ತು. ಏಕೆ ಇಟ್ಟುಕೊಂಡಿದ್ದೆನೋ, ಎಸೆಯಲು ಮನಸ್ಸಾಗಿರಲಿಲ್ಲ. ನಮ್ಮಲ್ಲಿ ಹಳಬರ ಹೆಸರು ಅಳಿಸುತ್ತಿರಲಿಲ್ಲ, ಅವಧಿ ತಾನೇ ಮುಗಿಯುತ್ತಿತ್ತು. ಈ ಯಂತ್ರದ ಲೆಕ್ಕದಲ್ಲಿ ನನ್ನ ಅವಧಿ ಮುಗಿಯಲು ಇನ್ನೂ ಬಹಳ ವರ್ಷವಿತ್ತು. ಕಾರ್ಡಿನ ಮೇಲಿನ ಫೋಟೋದಲ್ಲಿ ನನ್ನ ಕೂದಲು ಕಪ್ಪಗಿತ್ತು. ರೇಷ್ಮಾ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕಾರ್ಡನ್ನು ಸೀರೆಯ ಸೆರಗಿನಿಂದ ಒರೆಸಿ ಎರಡೂ ಕೈಯಲ್ಲಿ ವಾಪಸು ಕೊಟ್ಟಳು.

ಕಾರ್ಡು ಹಾಕಿ ಹಳೆಯ ಪಾಸ್‌ವರ್ಡ್ ಒತ್ತಿದೆ. ಬೆರಳಿಗೆ ನೆನಪಿತ್ತು. ಯಂತ್ರ, ಬನ್ನಿ ಇಂದುಮತಿ, ಎಂದಿತು.

ಇನಾಮದಾರ ಸರ್ ಈಗ ಬಾಗಿಲಿನಿಂದ ಒಳಗೆ ಬಂದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಅವರ ದನಿ ನಮ್ಮ ಭಂಡಾರದಲ್ಲಿಲ್ಲ. ಬೇನೆ ಅವರನ್ನು ಮುಟ್ಟಲಿಲ್ಲ, ಆದ್ದರಿಂದ ಅವರ ದನಿಯನ್ನು ಹಿಡಿದಿಡಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಊರಿನವರ ದನಿಯನ್ನೆಲ್ಲ ಕಾದವರು ಈ ಸಣ್ಣ ಸಾಲುಗಳಲ್ಲಿ ಮಾತ್ರ ಉಳಿದಿದ್ದಾರೆ.

ಯುಗಾದಿಯ ಪ್ರೋಗ್ರಾಂ ನಿಲ್ಲಿಸಿದೆವು. ಪ್ರತಿ ತೆಗೆಯಲು ಹಚ್ಚಿದೆವು. ಅದು ಮುಗಿಯಲು ಸಂಜೆಯಾಗುತ್ತಿತ್ತು. ಯಂತ್ರ ಆರಿ ಎದ್ದ ಮೇಲೆ ಯಾರಾದರೂ ಒಳಗೆ ಹೋಗಿ ಹೇಳದೆ ದನಿ ಹಂಚುವುದಿಲ್ಲ; ಈಗ ಒಳಗಿದ್ದೇವೆ, ಅಲ್ಲಿಯವರೆಗೆ ಜನರಿಗೆ ದನಿಯನ್ನಾದರೂ ಬಿಡಬಹುದಲ್ಲ ಎಂದಳು ರೇಷ್ಮಾ. ಬಿಟ್ಟೆವು. ಉತ್ತರ ಸಿಗದ ಪಟ್ಟಿಗಳು ಗಳಿಗೆಗೊಮ್ಮೆ ಕೇಳುತ್ತಲೇ ಇರುತ್ತವೆ. ಅವುಗಳಲ್ಲಿ ಮೊದಲ ವರ್ಷ ಸೇರಿದವರ ಪಟ್ಟಿಗಳ ಗುರುತು ಮಾತ್ರ ಯಂತ್ರಕ್ಕೆ ಸಿಕ್ಕಿತು. ತನ್ನ ತಾರೀಖಿಗೆ ಯಾವ ದನಿ ಸಲ್ಲಬೇಕೋ ಅದನ್ನೇ ಹುಡುಕಿ ಕೊಟ್ಟಿತು. ನಾವು ಮೊಟ್ಟಮೊದಲು ತುಂಬಿಸಿಕೊಂಡ ದನಿಗಳು ಅವು, ಒಂದು ಯುಗಾದಿಯನ್ನೂ ಕಾಣದವು.

ಅದು ನನಗೆ ತಿಳಿದದ್ದು ಮನೆಯ ಹತ್ತಿರ ಕಾರಿನಿಂದ ಇಳಿದಾಗ. ಹೂವಿನ ನಿಂಬವ್ವ ಓಣಿಯ ತಿರುವಿನಲ್ಲಿ ಮೊಳ ಹಾಕುತ್ತ ಕೂಗುತ್ತಿದ್ದಳು. ಆ ಕೂಗು ಕೇಳಿ ನಾನು ನಿಂತುಬಿಟ್ಟೆ. ಅದು ಮೊದಲ ಸಲ ನನ್ನೆದುರು ಕುಳಿತು ನಾಚಿಕೊಂಡು ಮಲ್ಲಿಗಿ ಮಲ್ಲಿಗಿ ಎಂದ ನಿಂಬವ್ವನ ದನಿ. ಅವಳ ಮಗಳು ಅಂಗಡಿಯೊಳಗಿನಿಂದ ಬಂದು ಅವ್ವನ ಮುಖ ನೋಡುತ್ತ ನಿಂತಳು; ಚಿಕ್ಕಂದಿನಲ್ಲಿ ತನ್ನನ್ನು ಶಾಲೆಯಿಂದ ಕರೆಯುತ್ತಿದ್ದ ದನಿಯಂತೆ ಅದು. ನಿಂಬವ್ವ ಕೂಗುವುದನ್ನು ನಿಲ್ಲಿಸಲಿಲ್ಲ. ಬುಟ್ಟಿ ಖಾಲಿಯಾದ ಮೇಲೂ ಕೂಗಿದಳು.

ಶರಣಮ್ಮನ ಮನೆಗೆ ಓಡುವಷ್ಟು ಕಾಲು ನನಗಿಲ್ಲ, ಆದರೂ ಬೇಗ ಹೋದೆ. ಅವಳು ಒಲೆಯ ಮುಂದೆ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಎಣ್ಣೆ ಹಾಕಿ ಕುಟ್ಟಿ ಮುಟಗಿ ಮಾಡುತ್ತಿದ್ದಳು. ಅವನಿಗೆ ಇಷ್ಟವಾದದ್ದು. ಮಾತಾಡಿ ನೋಡು ಎಂದು ಸನ್ನೆ ಮಾಡಿದೆ.

"ಅಕ್ಕಾರ, ಬರ್ರಿ," ಎಂದಳು. ಎಂದವಳು ತನ್ನ ದನಿಗೆ ತಾನೇ ಬೆಚ್ಚಿ ಪಟ್ಟಿಯ ಮೇಲೆ ಕೈಯಿಟ್ಟುಕೊಂಡಳು.

ಮಂಚದ ಮೇಲಿನಿಂದ ಗುರುಬಸಪ್ಪ ತಲೆ ಎತ್ತಿದ. ಕಾಣದ ಕಣ್ಣು ಒಲೆಯ ಕಡೆ ತಿರುಗಿತು. ಮುಖದ ಸುಕ್ಕುಗಳೆಲ್ಲ ಸಡಿಲವಾದವು.

"ಶರಣೀ, ಯಾವಾಗ ಬಂದೀ? ತವರ್ಮನ್ಯಾಗ ಎಲ್ಲಾರೂ ಆರಾಮ ಅದಾರೇನು?"

ಶರಣಮ್ಮ ನನ್ನನ್ನೊಮ್ಮೆ ನೋಡಿ, ಆರಾಮ ಇದ್ದಾರೆ ಎಂದಳು. ಅವಳ ತವರಿನಲ್ಲಿ ಈಗ ಯಾರೂ ಉಳಿದಿಲ್ಲ. ಅವನು ಅವಳ ತಮ್ಮನ ಎತ್ತಿನ ಬಗ್ಗೆ ಕೇಳಿದ, ಅವಳ ಅವ್ವನ ಕೆಮ್ಮಿನ ಬಗ್ಗೆ ಕೇಳಿದ. ಎಲ್ಲದಕ್ಕೂ ಅವಳು ಉತ್ತರ ಕೊಟ್ಟಳು. ಕೊಡುತ್ತ ಕೊಡುತ್ತ ಅವಳ ಮುಖವೂ ಬೇರೆಯಾಯಿತು, ಸೆರಗು ಸರಿಮಾಡಿಕೊಂಡಳು. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಇನ್ನು ಚಿಂತೆಯಿಲ್ಲ ಎಂದುಕೊಂಡೆ.

ಆದರೆ ತಟ್ಟೆ ಮುಂದಿಟ್ಟಾಗ ಅವನು ಅದನ್ನು ಮೆಲ್ಲಗೆ ಸರಿಸಿದ. ಅವನ ಮಾತು ಹೊರಗೂ ಕೇಳಿಸಿತು.

"ನೀ ಕುಂದ್ರು, ದಣದ ಬಂದೀ. ನನಗ ಉಣಸಾಕ ಇಲ್ಲಿ ಒಬ್ಬಾಕಿ ಮುದುಕಿ ಅದಾಳ. ದನಿ ಒಡದ ಬೋಗಾಣಿ ಆಗೈತಿ, ಕೈ ಮಾತ್ರ ಭಾಳ ಚಲೋ. ನಿನ್ನಿಯಿಂದ ಎಲ್ಲಿ ಹೋಗ್ಯಾಳೋ ಕಾಣವಲ್ಲಳು. ಆಕಿನ್ನ ಬಿಟ್ಟು ನಾ ಹ್ಯಾಂಗ ಉಣ್ಣಲಿ? ಆಕೀನೂ ಉಂಡಿರೂದಿಲ್ಲ."

ಶರಣಮ್ಮ ಬಹಳ ಹೇಳಿದಳು. ಆ ಮುದುಕಿ ತಾನೇ ಎಂದಳು. ಅವನು ನಕ್ಕ. ಅವಳಿಗೆ ಮೊದಲಿನಿಂದಲೂ ಚೇಷ್ಟೆ ಹೆಚ್ಚು ಎಂದ. ಔಷಧದ ಹೊತ್ತು ಮೀರುತ್ತಿತ್ತು.

ಅವಳು ಕಟ್ಟೆಗೆ ಬಂದು ನನ್ನ ಪಕ್ಕ ಕುಳಿತಳು.

"ಅಕ್ಕಾರ, ಈ ದನಿ ತಗೊಂಡು ನಾ ಏನ ಮಾಡ್ಲಿ?" ಎಂದಳು. ಎಷ್ಟು ಇಂಪಾದ ದನಿ ಅದು, ನಾನು ಮರೆತೇಬಿಟ್ಟಿದ್ದೆ. "ನನ್ನ ಮುದುಕಿ ದನಿ ತಂದ ಕೊಡ್ರಿ."

ದನಿಮನೆಗೆ ಮತ್ತೆ ಹೋದಾಗ ಫೋನುಗಳು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದವು. ದೂರಲು ಫೋನ್ ಮಾಡಿದವರು ಕಡಿಮೆ. ಉಳಿದವರೆಲ್ಲ ಇದನ್ನು ಹೀಗೇ ಬಿಡಿ ಎಂದು ಕೇಳುವವರು. ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರು ಮಧ್ಯಾಹ್ನದಿಂದ ಹಾಡುತ್ತಿದ್ದಾರಂತೆ, ಇನ್ನು ನಾಲ್ಕು ದಿನವಾದರೂ ಕೊಡಿ ಎಂದರಂತೆ. ಒಬ್ಬರು ಹೆಂಡತಿಯನ್ನು ಫೋನಿನಲ್ಲಿ ಮಾತಾಡಿಸಲೆಂದೇ ಪಕ್ಕದ ಮನೆಗೆ ಹೋಗಿ ಕುಳಿತಿದ್ದಾರಂತೆ. ಹೇಳುತ್ತ ರೇಷ್ಮಾ ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. ಪ್ರತಿ ತೆಗೆಯುವುದು ಮುಗಿದಿತ್ತು. ಬೆಳಗಿನವರೆಗೆ ಬಿಟ್ಟರೆ ಏನು ತಪ್ಪು ಮೇಡಂ ಎಂದು ಕೇಳಿದಳು.

ತಪ್ಪೆಂದು ನನಗೂ ಅನ್ನಿಸಲಿಲ್ಲ. ಆ ಕೋಣೆಯಲ್ಲಿ, ಆ ಕುರ್ಚಿಯಲ್ಲಿ, ಆ ವರ್ಷದಲ್ಲಿ ನನಗೂ ಇನ್ನಷ್ಟು ಹೊತ್ತು ಕುಳಿತಿರಬೇಕೆನಿಸುತ್ತಿತ್ತು. ಅವಳಿಗೆ ಗುರುಬಸಪ್ಪನ ವಿಷಯ ಹೇಳಿದೆ. ದನಿ ಒಡೆದ ಬೋಗಾಣಿ ಪಾತ್ರೆಯಂತಾಗಿದೆ ಎಂದ ಮಾತನ್ನೂ ಹೇಳಿದೆ. ರೇಷ್ಮಾ ಕೇಳಿಸಿಕೊಂಡು, ಬಡಿದುಕೊಳ್ಳುತ್ತಿದ್ದ ಫೋನನ್ನು ಬೋರಲು ಹಾಕಿದಳು.

ಈರಪ್ಪ ಆಗಲೇ ಗಡಿಯಾರ ರಿಪೇರಿಯವರ ಹತ್ತಿರ ಹೋಗಿ ಹೊಸ ಬ್ಯಾಟರಿ ತಂದು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದರು. ಯಂತ್ರವನ್ನು ಮತ್ತೆ ಆರಿಸಿ, ಅವರ ಕೈಯಿಂದಲೇ ಹಾಕಿಸಿದಳು ರೇಷ್ಮಾ. ಅದಕ್ಕೆ ಒಂದು ರಾತ್ರಿಯ ನಿದ್ದೆ ಸಿಕ್ಕಿತಲ್ಲ, ಈರಪ್ಪಾ, ನೀವು ಹೇಳದಿದ್ದರೆ ಬ್ಯಾಟರಿ ಸತ್ತದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ ಎಂದೆ. ಅವರು ಹೌದೋ ಅಲ್ಲವೋ ಎನ್ನುವಂತೆ ತಲೆಯಾಡಿಸಿ, ಬಾಡಿದ ಸೇವಂತಿಗೆಯನ್ನು ಎತ್ತಿಕೊಂಡು ಹೋದರು.

ಯಂತ್ರ ಎದ್ದಿತು. ರೇಷ್ಮಾ ಗಡಿಯಾರಕ್ಕೆ ಇಂದಿನ ತಾರೀಖು ಕೊಟ್ಟಳು. ನನ್ನ ಕಾರ್ಡನ್ನು ಅದು ಈಗ ಒಪ್ಪಲಿಲ್ಲ, ಅವಳ ಕಾರ್ಡನ್ನು ಒಪ್ಪಿತು. ಪರದೆಯ ತುದಿಯ ಸಾಲೂ ಬದಲಾಯಿತು: ಇಂದು ಯಾರ ಹುಟ್ಟುಹಬ್ಬವೂ ಇಲ್ಲ. ಆದರೂ ಚಹಾ ಕುಡಿಯಿರಿ. ರೇಷ್ಮಾ ಅದನ್ನು ಎರಡು ಸಲ ಓದಿದಳು. ಅಂದು ಕೊಟ್ಟಿದ್ದ ದನಿಗಳನ್ನು ಅವಳು ರದ್ದು ಮಾಡಿದ ಕೂಡಲೇ ಪಟ್ಟಿಗಳು ಒಂದೊಂದಾಗಿ ಹೊಸದಾಗಿ ಕೇಳತೊಡಗಿದವು, ಒಂದೊಂದಕ್ಕೂ ಉತ್ತರ ಹೋಯಿತು. ಅವಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು.

ನಾವು ಶರಣಮ್ಮನ ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಬಾಗಿಲ ಬಳಿಯೇ ಅವಳ ದನಿ ಕೇಳಿತು, ಗೊರಗೊರ ಎನ್ನುವ, ಕೊನೆಗೆ ಸ್ವಲ್ಪ ಸೀಳುವ ದನಿ. ಉಣ್ಣಲು ಕರೆಯುತ್ತಿದ್ದಳು. ಗುರುಬಸಪ್ಪ ಕೈ ಚಾಚಿ ಅವಳ ಮೊಣಕೈ ಹಿಡಿದುಕೊಂಡಿದ್ದ.

"ಎಲ್ಲಿ ಹೋಗಿದ್ದೀ ಮುದುಕೀ?"

ಇಲ್ಲೇ ಇದ್ದೆ ಎಂದಳು. ಅವನು ಬಾಯಿ ತೆರೆದ. ಮುಟಗಿ ಆರಿತ್ತು, ಅವಳು ಅದರ ಮೇಲೆ ಬಿಸಿ ತುಪ್ಪ ಹಾಕಿ ಕಲಸಿದ್ದಳು. ಅವನು ತುತ್ತು ತುತ್ತಾಗಿ ಉಂಡ. ರೇಷ್ಮಾ ಬಾಗಿಲ ಪಕ್ಕದ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಊಟ ಮುಗಿಯುತ್ತ ಬಂದಾಗ ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಬೆರಳಿನಿಂದ ತಡವಿ, ಉಳಿದದ್ದನ್ನು ಒಂದು ಅಂಚಿಗೆ ಕೂಡಿಸಿದ.

"ಶರಣಿ ಬಂದಿದ್ಲು," ಎಂದ, ಗುಟ್ಟು ಹೇಳುವವನ ಹಾಗೆ. "ಉಣಲಾರದ ಹ್ವಾದ್ಲು. ಇದು ಆಕಿಗಿರಲಿ."

"ಹೂಂ, ಇರಲಿ," ಎಂದಳು ಶರಣಮ್ಮ.

ಔಷಧ ಕುಡಿಸಿ, ಬಾಯಿ ಒರೆಸಿ, ಅವನನ್ನು ಮಲಗಿಸಿ ಹೊದಿಕೆ ಹೊದಿಸಿದಳು. ಆಮೇಲೆ ತಟ್ಟೆ ತೆಗೆದುಕೊಂಡು ನೆಲದ ಮೇಲೆ ಕುಳಿತಳು. ನಿನ್ನೆಯಿಂದ ಅವಳೂ ಏನೂ ತಿಂದಿರಲಿಲ್ಲ. ನಾನು ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟೆ. ಅವನು ಅಂಚಿಗೆ ಕೂಡಿಸಿಟ್ಟ ತುತ್ತನ್ನು ಅವಳು ನಿಧಾನವಾಗಿ, ಒಂದು ಚೂರೂ ಬಿಡದೆ ಉಂಡಳು.